ಮದರಾಸಿಗೆ ಮೂರು ಜನ

ಮೂರು ಜನ ಎಂದುಬಿಟ್ಟಿದ್ದ. ಹೆಡ್ ಗುಮಾಸ್ತ ನಾರಾಯಣಪ್ಪನವರು ಫೈಲಿನಿಂದ ತಲೆಯೆತ್ತದೆ "ಒಟ್ಟು ಎಷ್ಟು ಜನಾರೀ ನೀವು?" ಎಂದು ಕೇಳಿದ್ದರು. ನಂಜುಂಡಯ್ಯ ಬೆರಳು ಮಡಿಸುವ ಗೋಜಿಗೂ ಹೋಗದೆ "ನಾನು, ನಮ್ಮಾಕೆ, ಮಗಳು. ಮೂರು ಜನ ಸಾರ್" ಎಂದಿದ್ದ. ಅದು ಬುಧವಾರದ ಮಾತು. ಆ ಮಾತಿನಲ್ಲಿ ಏನೋ ಕಡಿಮೆ ಬಿದ್ದಿದೆ ಎಂದು ಅವನಿಗೆ ಹೊಳೆದದ್ದು ಶನಿವಾರ ಬೆಳಿಗ್ಗೆ, ಶಂಕರಪುರದ ಮನೆಯ ಹಿತ್ತಲಲ್ಲಿ ಬಾಯಿ ತುಂಬ ಹಲ್ಲುಪುಡಿಯ ನೊರೆ ಇಟ್ಟುಕೊಂಡು ನಿಂತಿದ್ದಾಗ. ಅಡುಗೆಮನೆಯ ಕಿಟಕಿಯಿಂದ ಕೋಡುಬಳೆ ಕರಿಯುವ ವಾಸನೆ ಬರುತ್ತಿತ್ತು. ಅಕ್ಕ ರುದ್ರಾಣಿ ಒಲೆಯ ಮುಂದಿನಿಂದಲೇ ಕೂಗಿ ಕೇಳಿದಳು: "ನಂಜಾ, ಸಮುದ್ರದ ಹತ್ರ ಚಳಿ ಇರುತ್ತೇನೋ? ನಾನು ಶಾಲು ಇಟ್ಕೊಳ್ಳಲಾ, ಬೇಡ್ವಾ?" ನೊರೆ ಹಾಗೇ ಬಾಯಲ್ಲಿ ನಿಂತಿತು. ಉಗುಳಲೂ ಆಗದೆ ನುಂಗಲೂ ಆಗದೆ ಅವನು ಬಚ್ಚಲ ಗೋಡೆಗೆ ಕೈ ಕೊಟ್ಟು ನಿಂತ. ಇಟ್ಕೋ ಎಂದರೂ ಸುಳ್ಳು, ಬೇಡ ಎಂದರೂ ಸುಳ್ಳು. ಬಾಯಲ್ಲಿ ನೊರೆಯಿದ್ದುದೇ ಪುಣ್ಯವಾಯಿತು. ಹೂಂ ಎಂದೋ ಊಹೂಂ ಎಂದೋ ತಿಳಿಯದ ಒಂದು ಶಬ್ದ ಮಾಡಿ, ಚೊಂಬಿನ ನೀರನ್ನೆಲ್ಲ ಮುಖಕ್ಕೆ ಸುರಿದುಕೊಂಡ.

ಬೇಕೆಂದು ಬಿಟ್ಟದ್ದಲ್ಲ. ಹಾಗೆ ಬಿಟ್ಟಿದ್ದರೆ ಅದಕ್ಕೊಂದು ಕಾರಣವಿರುತ್ತಿತ್ತು, ಕಾರಣವಿದ್ದರೆ ಹೇಳಿಕೊಳ್ಳಲು ಒಂದು ಮಾತಾದರೂ ಇರುತ್ತಿತ್ತು. ಇದು ಬರೀ ಮರೆವು. ಈ ಪ್ರಯಾಣ ಯಾರಿಗಾಗಿ ಹುಟ್ಟಿತೋ ಅವಳನ್ನೇ ಮರೆತಿದ್ದ. ಮದುಮಗನನ್ನು ಮನೆಯಲ್ಲೇ ಬಿಟ್ಟು ದಿಬ್ಬಣ ಹೊರಟ ಕಥೆಯನ್ನು ಬೇರೆಯವರದ್ದಾದರೆ ಕೇಳಿ ನಗಬಹುದು. ಹಂಚಿಕೆಯೆಲ್ಲ ಅಚ್ಚುಕಟ್ಟಾಗಿತ್ತು: ಶನಿವಾರ ರಾತ್ರಿ ರೈಲು ಹತ್ತುವುದು, ಭಾನುವಾರ ಬೆಳಿಗ್ಗೆ ಮದರಾಸು, ತಿರುವಲ್ಲಿಕ್ಕೇಣಿಯಲ್ಲಿ ನಾರಾಯಣಪ್ಪನವರ ಭಾವಮೈದುನನ ಮನೆಯಲ್ಲಿ ಸ್ನಾನ, ಸಂಜೆಯವರೆಗೂ ಸಮುದ್ರ, ರಾತ್ರಿ ಮತ್ತೆ ರೈಲು, ಸೋಮವಾರ ಆಫೀಸು. ಒಂದೇ ಒಂದು ಹಗಲು. ಆ ಒಂದು ಹಗಲಿಗಾಗಿ ಅಕ್ಕ ಎಷ್ಟು ವರ್ಷ ಕಾದಿದ್ದಳೋ ಅವನಿಗೆ ಲೆಕ್ಕವಿಲ್ಲ. ಅಕ್ಕಿಪೇಟೆಯಲ್ಲಿ ಅಪ್ಪನ ಅಕ್ಕಿ ಅಂಗಡಿಯಿದ್ದ ಕಾಲದಲ್ಲಿ ನೆಲ್ಲೂರಿನಿಂದ ಒಬ್ಬ ಶೆಟ್ಟರು ಬರುತ್ತಿದ್ದರು. ಮೂಟೆಗಳ ಮೇಲೆ ಕಾಲು ಚಾಚಿ ಕೂತು, ನಮ್ಮೂರಲ್ಲಿ ಸಂಜೆ ಗಾಡಿ ಕಟ್ಟಿದರೆ ಬೆಳಗಾಗುವುದರೊಳಗೆ ಸಮುದ್ರ, ಆ ನೀರಿಗೆ ಆಚೆ ದಡವೇ ಇಲ್ಲ ಎನ್ನುತ್ತಿದ್ದರು. ಅಕ್ಕ ಆಗ ಲಂಗ ತೊಡುತ್ತಿದ್ದ ಹುಡುಗಿ. ಅವಳು ನಂಬಲಿಲ್ಲ. "ನೀರು ಅಂದ್ಮೇಲೆ ಆಚೆ ದಡ ಇರ್ಲೇಬೇಕು. ಇಲ್ದಿದ್ರೆ ನೀರು ನಿಲ್ಲೋದು ಹೇಗೆ?" ಎಂದು ವಾದ ಹೂಡಿದ್ದಳಂತೆ. ಆಮೇಲೆ ಅವಳನ್ನು ತುಮಕೂರಿಗೆ ಕೊಟ್ಟರು. ಗಂಡ ಹೋದ ಮೇಲೆ ಮರಳಿ ಬಂದಳು. ಅಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು. ನಂಜುಂಡಯ್ಯನ ಮೂಗು ಒರೆಸಿ, ಕೊರಳಿಗೆ ಲಿಂಗದ ಕರಡಿಗೆ ಕಟ್ಟಿ, ಸ್ಕೂಲಿಗೆ ಕಳಿಸಿದವಳು ಅವಳೇ. ಆದರೂ ಆ ವಾದ ಮಾತ್ರ ಅವಳೊಳಗೆ ಮುಗಿದಿರಲಿಲ್ಲ. ಪೇಟೆಯ ಮನೆಗಳಲ್ಲಿ ಯಾರೂ ಸುಮ್ಮನೆ ಎಲ್ಲಿಗೂ ಹೋಗುವುದಿಲ್ಲ. ಮದುವೆ, ಮಠ, ವ್ಯಾಪಾರ, ಏನಾದರೊಂದು ನೆಪ ಬೇಕು. ಸಮುದ್ರಕ್ಕೆ ಏನು ನೆಪ? ಕಳೆದ ವರ್ಷ ಪಕ್ಕದ ಮನೆಯವರು ಅಸ್ಥಿ ಬಿಡಲು ರಾಮೇಶ್ವರಕ್ಕೆ ಹೋಗಿ ಬಂದಾಗ ಅಕ್ಕ ನಗುತ್ತ ಅಂದಿದ್ದಳು: "ನಮ್ಮಲ್ಲಿ ಸತ್ತೋರನ್ನ ಹೂಳ್ತಾರೆ. ಸತ್ಮೇಲೆ ಸಮುದ್ರಕ್ಕೂ ನಮಗೂ ಏನೂ ಕೆಲಸ ಇಲ್ಲ. ನೋಡೋದಿದ್ರೆ ಬದುಕಿದ್ದಾಗಲೇ ನೋಡ್ಕೋಬೇಕು." ಅವತ್ತು ಅವನು ಅನ್ನ ಕಲೆಸುತ್ತಿದ್ದವನು ಕೈ ನಿಲ್ಲಿಸಿ, ಹೋಗೋಣ ಅಕ್ಕ, ನಾನು ಕರ್ಕೊಂಡು ಹೋಗ್ತೀನಿ ಎಂದಿದ್ದ.

ತಲೆ ಒರೆಸಿಕೊಂಡು ಒಳಗೆ ಬಂದಾಗ ರುದ್ರಾಣಿ ಕೋಡುಬಳೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು. "ಲಾಭ, ಎರಡು, ಮೂರು..." ಪೇಟೆಯಲ್ಲಿ ಅಕ್ಕಿ ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ, ಎಣಿಕೆ ಒಳ್ಳೆಯ ಮಾತಿನಿಂದ ಶುರುವಾಗಲಿ ಎಂದು. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಅಕ್ಕನ ಬಾಯಿಂದ ಅದು ಹೋಗಿರಲಿಲ್ಲ. ಅವನು ಚಿಕ್ಕವನಿದ್ದಾಗ ಊಟದ ಸಾಲಿನಲ್ಲಿ ತಟ್ಟೆ ಹಾಕುವಾಗ ಮೊದಲು ಅವನ ತಲೆ ಮುಟ್ಟಿ 'ಲಾಭ' ಎನ್ನುವಳು, ಆಮೇಲೆ ಅಪ್ಪ 'ಎರಡು', ಅಂಗಡಿಯ ಆಳು 'ಮೂರು'. ಅಷ್ಟಕ್ಕೆ ನಿಲ್ಲಿಸುವಳು. ಬಡಿಸುವವಳು ಆ ಎಣಿಕೆಯಲ್ಲಿ ಬರುತ್ತಿರಲಿಲ್ಲ. ಈಗ ಅದು ನೆನಪಾಗಿ ನಂಜುಂಡಯ್ಯನಿಗೆ ಒಂದು ಕ್ಷಣ ಹಗುರವಾಯಿತು: ತನ್ನನ್ನು ಬಿಟ್ಟು ಎಣಿಸುವುದನ್ನು ಅವಳೇ ಅಲ್ಲವೇ ಕಲಿಸಿದ್ದು? ಮರುಕ್ಷಣವೇ ಆ ಯೋಚನೆಯ ಹೊಲಸು ಅವನಿಗೇ ಮೂಗಿಗೆ ಹೊಡೆಯಿತು. ಉಂಡ ಮನೆಯ ಜಂತೆ ಎಣಿಸುವವರಿಗೂ ಇಷ್ಟು ಬುದ್ಧಿ ಓಡಲಿಕ್ಕಿಲ್ಲ. ಅಕ್ಕ ಒಂದು ಬಿಸಿ ಕೋಡುಬಳೆಯನ್ನು ಅವನ ಕೈಗಿಟ್ಟು, "ಉಪ್ಪು ಸರಿಯಾಗಿದ್ಯಾ ನೋಡು" ಎಂದಳು. ಅವಳು ಪೂಜೆ ಮುಗಿಸದೆ ಏನೂ ಬಾಯಿಗೆ ಹಾಕುವವಳಲ್ಲ. ಹಣೆಯ ವಿಭೂತಿ ಒಲೆಯ ಶಾಖಕ್ಕೆ ಬೆವರಿ ಅರ್ಧ ಅಳಿಸಿಹೋಗಿತ್ತು. ಸರಿಯಾಗಿದೆ ಎಂದ. ಉಪ್ಪು ಜಾಸ್ತಿಯಾಗಿತ್ತೋ ಕಡಿಮೆಯಾಗಿತ್ತೋ, ಅವನ ನಾಲಿಗೆಗೆ ಏನೂ ತಿಳಿದಿರಲಿಲ್ಲ.

ಸರಿಪಡಿಸುವುದು ಏನು ಮಹಾ ಕೆಲಸ, ಒಂದೇ ಮಾತು, ನಾಲ್ಕು ಜನ ಸಾರ್ ಎಂದರಾಯಿತು. ಸೈಕಲ್ಲು ತುಳಿಯುತ್ತ ಚಾಮರಾಜಪೇಟೆ ದಾಟುವವರೆಗೂ ಆ ಮಾತನ್ನು ಬಾಯಲ್ಲಿ ಹೊರಳಿಸಿದ. ಸಾರ್, ಒಂದು ಸಣ್ಣ ತಪ್ಪಾಗಿದೆ. ಬೇಡ, ತಪ್ಪು ಎಂದರೆ ಏನು ತಪ್ಪು ಎಂದು ಕೇಳುತ್ತಾರೆ. ಸಾರ್, ನಮ್ಮ ಅಕ್ಕನೂ ಬರ್ತೀನಿ ಅಂತಿದಾರೆ. ಅದೂ ಬೇಡ, ಅವಳೇನೋ ಹಟ ಹಿಡಿದು ಗಂಟುಬಿದ್ದಂತೆ ಆಗುತ್ತದೆ. ಆಫೀಸಿನ ಮೆಟ್ಟಿಲು ಹತ್ತುವಾಗ ಮಾತು ಸಿದ್ಧವಾಗಿತ್ತು. ಆದರೆ ನಾರಾಯಣಪ್ಪನವರು ಅವನ ಮುಖ ಕಂಡೊಡನೆ ಇಡೀ ಹಾಲಿಗೆ ಕೇಳುವಂತೆ ಶುರು ಮಾಡಿದರು. "ಬನ್ರೀ ಮದರಾಸು ದೊರೆಗಳೇ. ಜವಾನ ಪುಟ್ಟಯ್ಯನ್ನ ಸ್ಟೇಷನ್ನಿಗೆ ಅಟ್ಟಿದೀನಿ. ಟಿಕೆಟ್ಟು ತಗೊಂಡು ನಿಮ್ಮ ಮನೆಗೇ ಕೊಟ್ಟು ಬರ್ತಾನೆ. ನಮ್ಮ ಭಾವಮೈದುನಂಗೂ ಬರ್ದಿದೀನಿ, ಪುಟ್ಟ ಸಂಸಾರ, ಪೂಜೆ ಪುನಸ್ಕಾರ, ಮಡಿ ಮೈಲಿಗೆ ಅನ್ನೋ ಹಳೇ ತಲೆಗಳು ಯಾರೂ ಜೊತೇಲಿಲ್ಲ, ನಿಮಗೇನೂ ತೊಂದ್ರೆ ಆಗಲ್ಲ ಅಂತ. ಸರಿ ತಾನೆ?" ಆಚೀಚೆ ಮೇಜಿನವರು ನಕ್ಕರು. ಒಳ್ಳೆಯ ನಗೆಯೇ, ಯಾರಿಗೂ ಕೇಡಿಲ್ಲ. ನಂಜುಂಡಯ್ಯನ ಕಣ್ಣ ಮುಂದೆ ಮಾತ್ರ ತಾನೆಂದೂ ಕಂಡಿರದ ಒಂದು ಮನೆಯ ಪಡಸಾಲೆ ಬಂತು. ಅಲ್ಲಿ ಮದರಾಸಿನ ಆ ಜನ ಕಾಫಿ ಲೋಟ ಹಿಡಿದು ನಿಂತಿದ್ದಾರೆ. ಅಕ್ಕ ಮೂಲೆಯಲ್ಲಿ ಎಡ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಾಳೆ, ಎದ್ದ ಮೇಲೆ ಅಕ್ಕಿಪೇಟೆಯ ಗಂಟಲಿನಲ್ಲಿ, ನಿಮ್ಮೂರ ಸಮುದ್ರಕ್ಕೆ ಆಚೆ ದಡ ಇದ್ಯಾ ಎಂದು ಕೇಳುತ್ತಾಳೆ. ಅವನ ಕಿವಿ ಬಿಸಿಯಾಯಿತು. "ಯಾಕ್ರೀ ಸುಮ್ನಾದ್ರಿ? ಮನೇಲಿ ದೊಡ್ಡೋರು ಅಂತ ಯಾರೂ ಇಲ್ಲ ತಾನೆ?" ಎಂದು ನಾರಾಯಣಪ್ಪನವರು ಕೇಳಿದರು. ಇಲ್ಲಿ ಹೇಳಬಹುದಿತ್ತು. ಬಾಗಿಲನ್ನು ಅವರೇ ತೆರೆದು ಹಿಡಿದಿದ್ದರು. "ಅಕ್ಕ ಒಬ್ರಿದಾರೆ ಸಾರ್," ಎಂದ ನಂಜುಂಡಯ್ಯ. "ಅವ್ರು ಬರೋದಿಲ್ಲ. ಅವ್ರಿಗೆ ಅದೆಲ್ಲ ಆಗ್ಬರಲ್ಲ." ಮಾತು ಎಷ್ಟು ಸರಾಗವಾಗಿ ಬಂತೆಂದರೆ, ಯಾರೋ ಬರೆದಿಟ್ಟದ್ದನ್ನು ಓದಿದಂತಿತ್ತು. ನಾರಾಯಣಪ್ಪನವರು ತಲೆಯಾಡಿಸಿ ಫೈಲಿಗೆ ಮರಳಿದರು.

ಅರ್ಧ ದಿನದ ಆಫೀಸು ಮುಗಿದ ಮೇಲೆ ಮನೆಗೆ ಹೋಗಲು ಕಾಲು ಬರಲಿಲ್ಲ. ಸೈಕಲ್ಲನ್ನು ಕೆಂಪಾಂಬುಧಿ ಕೆರೆಯ ಏರಿಯ ಮೇಲೆ ಒರಗಿಸಿ, ಬಿಸಿಲಲ್ಲೇ ಕೂತ. ಚಿಕ್ಕಂದಿನಲ್ಲಿ ಅಪ್ಪ, ಸಮುದ್ರ ಸಮುದ್ರ ಎಂದು ಪೀಡಿಸುತ್ತಿದ್ದ ಅಕ್ಕನನ್ನೂ ಅವನನ್ನೂ ಇಲ್ಲಿಗೆ ಕರೆತಂದು, ಇದೇ ನಮ್ಮ ಅಂಬುಧಿ, ನೋಡ್ಕೊಳ್ಳಿ ಎಂದಿದ್ದ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಆಚೆ ದಡದ ಅಗಸರನ್ನು ತೋರಿಸಿ, "ಹೆಸರು ದೊಡ್ದು. ಆಚೆ ದಡದಲ್ಲಿ ನಮ್ಮ ಪಂಚೆನೇ ಒಗೀತಿದಾರೆ" ಎಂದಿದ್ದಳು. ಅಪ್ಪ ಮನೆ ತಲುಪುವವರೆಗೂ ನಕ್ಕಿದ್ದ. ಇವತ್ತೂ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಅದನ್ನು ನೋಡುತ್ತ ಅವನ ಮನಸ್ಸು ತನ್ನ ಪಾಡಿಗೆ ತಾನು ನೆಪಗಳನ್ನು ಒಂದೊಂದಾಗಿ ಎತ್ತಿ ತೂಗುತ್ತಿತ್ತು. ಅವಳಿಗೆ ಮಂಡಿನೋವು. ಮದರಾಸಿನ ಬಿಸಿಲು ಅವಳಿಗಾಗದು. ರೈಲಿನಲ್ಲಿ ಪೂಜೆಗೆ ನೀರಿಗೆ ಏನು ಮಾಡುವುದು? ಕೊನೆಗೆ ಒಂದು ಗಟ್ಟಿಯಾದದ್ದು ಸಿಕ್ಕಿತು: ಹಿಂದಿನ ಬೀದಿಯಲ್ಲಿ ಕಳ್ಳತನವಾಗಿದೆ, ಮನೆಗೆ ಬೀಗ ಹಾಕಿ ಎಲ್ಲರೂ ಹೊರಡುವುದು ಸರಿಯಲ್ಲ. ಮರೆತದ್ದು ತಪ್ಪಾಗಿದ್ದರೂ ಅದು ಒಂದು ಕ್ಷಣದ್ದು, ಕಲ್ಲು ಎಡವಿದಂತೆ. ಇದು ಹಾಗಲ್ಲ. ಇದು ಕೂತು ಮಾಡುತ್ತಿರುವುದು. ಅವನಿಗೆ ಅದು ಚೆನ್ನಾಗಿಯೇ ಗೊತ್ತಿತ್ತು, ಗೊತ್ತಿದ್ದೂ ಅಲ್ಲಿಯೇ ಕೂತಿದ್ದ. ಅಕ್ಕ ಬಾರದಿದ್ದರೆ ಆ ಪಡಸಾಲೆಯಲ್ಲಿ ತಾನು ಕೋಟು ಹಾಕಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂರಬಹುದು ಎಂಬ ಸಣ್ಣ ಸುಖ ಒಳಗೆಲ್ಲೋ ಮೂಡಿತ್ತು. ಅದನ್ನು ಕಂಡು ಅವನಿಗೆ ಅಳು ಬಂದ ಹಾಗಾಯಿತು. ನೀರಿನತ್ತ ಇಳಿಯುತ್ತಿದ್ದ ಎಮ್ಮೆಗಳನ್ನು ನೋಡುತ್ತ ಬಿಸಿಲು ಇಳಿಯುವವರೆಗೂ ಕಾಲ ಕಳೆದ.

ಮನೆಗೆ ಬಂದಾಗ ಹೆಂಡತಿ ಶೈಲಜಮ್ಮ ಜಗಲಿಯಲ್ಲಿ ಮಗಳು ತ್ರಿಪುರಸುಂದರಿಗೆ ಜಡೆ ಹಾಕುತ್ತಿದ್ದಳು. ಜಡೆಯನ್ನು ಅಷ್ಟು ಬಿಗಿಯಾಗಿ ಎಳೆದದ್ದು ನೋಡಿದರೆ ಮಗಳ ಮೇಲಿನ ಸಿಟ್ಟಂತೂ ಅದಲ್ಲ ಎಂದು ಗೊತ್ತಾಗಬೇಕಿತ್ತು. "ರೀ, ಸ್ವಲ್ಪ ಇಲ್ಲಿ ಕೇಳಿ. ಪುಟ್ಟಯ್ಯ ಬಂದಿದ್ದ..." ಎಂದು ಶುರು ಮಾಡಿದಳು. ಅವನು ಕೈಯೆತ್ತಿ ತಡೆದ. ಏರಿಯಿಂದ ಹೊತ್ತು ತಂದ ಮಾತು ದಾರಿಯಲ್ಲಿ ಚೆಲ್ಲಿಹೋಗುವ ಮುಂಚೆ ಹೇಳಿಬಿಡಬೇಕಿತ್ತು. ನಡುಮನೆಯಲ್ಲಿ ರುದ್ರಾಣಿ ಬುತ್ತಿಯ ಗಂಟು ಕಟ್ಟುತ್ತಿದ್ದಳು. ಮೊಸರವಲಕ್ಕಿ, ಚಟ್ನಿಪುಡಿ, ಕೋಡುಬಳೆಯ ಡಬ್ಬಿ. ಅವನು ಕಂಬಕ್ಕೆ ಒರಗಿ, ಅವಳ ಮುಖ ನೋಡದೆ, ಹಿಂದಿನ ಬೀದಿಯ ಕಳ್ಳತನದಿಂದ ಶುರು ಮಾಡಿದ. ಕಳ್ಳರು ಹೆಂಚು ಸರಿಸಿ ಇಳಿದರಂತೆ, ಪಾತ್ರೆಗಳನ್ನೂ ಬಿಟ್ಟಿಲ್ಲವಂತೆ, ಎಂದು ತನಗೇ ಗೊತ್ತಿಲ್ಲದ ವಿವರಗಳನ್ನೆಲ್ಲ ಸೇರಿಸುತ್ತ ಹೋದ. "ಅದಕ್ಕೇ ಅಕ್ಕ, ಮನೇಲಿ ಯಾರಾದ್ರೂ ಒಬ್ರು ಇರ್ಬೇಕಾಗುತ್ತೆ ಅನ್ಸುತ್ತೆ. ನಿನ್ನನ್ನ ಇನ್ನೊಂದ್ಸಲ, ಬೇಸಿಗೆ ಕಳೀಲಿ, ನಾನೇ ಒಬ್ಬನೇ ಕರ್ಕೊಂಡು..." ರುದ್ರಾಣಿ ಗಂಟು ಬಿಗಿದು, ಅವನ ಹಿಂದಿದ್ದ ಗೂಡಿನ ಕಡೆ ನೋಡಿದಳು. ಅವನೂ ತಿರುಗಿ ನೋಡಿದ. ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಮೂರು ರೈಲು ಟಿಕೆಟ್ಟುಗಳಿದ್ದವು. ಎರಡು ದೊಡ್ಡವರದು, ಒಂದು ಅರ್ಧ ಟಿಕೆಟ್ಟು. "ಮಧ್ಯಾಹ್ನಾನೇ ಪುಟ್ಟಯ್ಯ ಕೊಟ್ಟೋದ," ಎಂದಳು. "ಕೂತು ನೀರು ಕುಡಿ. ಬಿಸಿಲಲ್ಲಿ ಬಾಡಿ ಬಂದಿದೀಯ."

ಕಂಬವನ್ನು ಬಿಟ್ಟರೆ ಎಲ್ಲಿ ನಿಲ್ಲಬೇಕೆಂದು ಅವನಿಗೆ ತಿಳಿಯಲಿಲ್ಲ. ಅಷ್ಟು ಹೊತ್ತು ಅವಳು ಕೇಳಿಸಿಕೊಂಡಿದ್ದಳು, ಹೆಂಚು, ಕಳ್ಳರು, ಪಾತ್ರೆ ಎಲ್ಲವನ್ನೂ. ನಡುವೆ ಬಾಯಿ ಹಾಕಿರಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಯಿತು. "ಮರೆತೆ ಅಕ್ಕ," ಎಂದ. ದನಿ ಸ್ಕೂಲಿನಿಂದ ಚಪ್ಪಲಿ ಕಳೆದುಕೊಂಡು ಬಂದ ದಿನದ್ದಾಗಿತ್ತು. "ನಾರಾಯಣಪ್ಪನೋರು ಎಷ್ಟು ಜನ ಅಂದ್ರು, ನಾನು ಮೂರು ಅಂದ್ಬಿಟ್ಟೆ. ಯಾಕಂದ್ನೋ ಗೊತ್ತಿಲ್ಲ. ಈಗ್ಲೂ ಏನಾಗಿಲ್ಲ, ಸ್ಟೇಷನ್ನಲ್ಲಿ ಇನ್ನೊಂದು ಟಿಕೆಟ್ ತಗೋತೀನಿ. ಬಾ." ರುದ್ರಾಣಿ ಬೇಡವೆಂದು ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ; ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನೀನು ಬೇಕೂಂತ ಬಿಟ್ಟಿದ್ರೆ ಜಗಳ ಆಡಿ ಬರ್ತಿದ್ದೆ ಕಣೋ. ನಿನ್ನ ಜುಟ್ಟು ಹಿಡ್ದು ಬರ್ತಿದ್ದೆ. ಮರೆತೋರ ಹತ್ರ ಏನಂತ ಜಗಳ ಆಡ್ಲಿ? ನೆನಪಿಸ್ಕೊಂಡು ಕರ್ಕೊಂಡೋಗು ಅಂತ ಬೇಡ್ಕೊಳ್ಳಲಾ? ಅದು ನನ್ಕೈಲಾಗಲ್ಲ." ಅಷ್ಟು ಹೇಳಿ, ಏನೂ ಆಗದವಳಂತೆ ಎದ್ದು ದೀಪ ಹಚ್ಚಲು ಹೋದಳು.

ಜಟಕಾ ಬಂದು ನಿಂತಾಗ ಬೀದಿಯಲ್ಲಿ ಇನ್ನೂ ಬೆಳಕಿತ್ತು. ಶೈಲಜಮ್ಮ ಹೊಸಿಲಲ್ಲಿ ಚೀಲ ಹಿಡಿದು ನಿಂತು, "ಅತ್ತಿಗೆ, ನೀವು ಬರ್ದೇ ನನಗೆ ಹೋಗೋಕೇ ಮನಸ್ಸಿಲ್ಲ" ಎಂದಳು. ಅದಕ್ಕೆ ರುದ್ರಾಣಿ, "ಮಾಡಿದ ಬುತ್ತಿ ಯಾರು ತಿನ್ಬೇಕು? ನಡಿ" ಎಂದು ಅವಳ ಬಾಯಿ ಮುಚ್ಚಿಸಿದಳು. ಆಮೇಲೆ ಏನೋ ನೆನಪಾದವಳಂತೆ, "ತಡೀರಿ, ಮೂರು ಜನ ಹೊರಡಬಾರ್ದು" ಎಂದು ಹಿತ್ತಲಿಗೆ ಹೋದಳು. ಅಪ್ಪನ ಕಾಲದಿಂದಲೂ ಮನೆಯಲ್ಲಿ ಅದೊಂದು ಶಾಸ್ತ್ರ. ಮೂವರು ಹೊರಟರೆ ಹೋದ ಕೆಲಸ ಕೆಡುತ್ತದೆ, ಹೊರಡಲೇಬೇಕಾದರೆ ನಾಲ್ಕನೆಯವರೆಂದು ಒಂದು ಕಲ್ಲನ್ನು ಜೊತೆಗಿಟ್ಟುಕೊಳ್ಳಬೇಕು. ಅಕ್ಕ ಬಚ್ಚಲ ಪಕ್ಕದಿಂದ ಒಂದು ಕಲ್ಲು ಆರಿಸಿ, ತೊಳೆದು, ಸೆರಗಿನಲ್ಲಿ ಒರೆಸುತ್ತ ಬಂದಳು. ನುಣುಪೂ ಇಲ್ಲ, ಚೆಂದವೂ ಇಲ್ಲ, ಎಲ್ಲರ ಮನೆಯ ಬಚ್ಚಲ ಹತ್ತಿರ ಬಿದ್ದಿರುವಂಥದೇ ಒಂದು ಕಲ್ಲು. ಹೊಸಿಲಲ್ಲಿ ನಿಂತು ಅವಳು ನಂಜುಂಡಯ್ಯನ ತಲೆ ಮುಟ್ಟಿದಳು. "ಲಾಭ." ಶೈಲಜಮ್ಮನ ಭುಜ, "ಎರಡು." ತ್ರಿಪುರಸುಂದರಿಯ ಕೆನ್ನೆ, "ಮೂರು." ಆಮೇಲೆ ಅವನ ಅಂಗೈ ಬಿಡಿಸಿ ಕಲ್ಲನ್ನು ಇಟ್ಟು, "ನಾಲ್ಕು" ಎಂದಳು. "ಇದಕ್ಕೊಂದ್ಸಲ ಸಮುದ್ರ ತೋರ್ಸಿ ವಾಪಸ್ ತಗೊಂಬಾ. ಆಚೆ ದಡ ಕಾಣುತ್ತೋ ಇಲ್ವೋ, ಸರಿಯಾಗಿ ನೋಡ್ಕೊಂಡು ಬಂದು ಹೇಳು." ಕಲ್ಲು ಇನ್ನೂ ಒದ್ದೆಯಾಗಿತ್ತು.

ನಂಜುಂಡಯ್ಯ ಮೆಟ್ಟಿಲು ಇಳಿದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ, ಅವನದು ತಪ್ಪಿತ್ತು. ಮರೆವನ್ನು ಅಕ್ಕ ಮರೆವೆಂದೇ ತೆಗೆದುಕೊಂಡಿದ್ದಳು. ಇನ್ನು ಜಟಕಾ ಹತ್ತಿದರೆ ಮುಗಿಯಿತು, ಕ್ಷಮಿಸಲ್ಪಟ್ಟವನಾಗಿಯೇ ರೈಲು ಹತ್ತಬಹುದು. ಬೆಳಿಗ್ಗೆ ಆಫೀಸಿನಲ್ಲಿ ಆಡಿದ್ದು ಅವಳಿಗೆ ಗೊತ್ತಿರಲಿಲ್ಲ, ಎಂದಿಗೂ ಗೊತ್ತಾಗುವ ದಾರಿಯೂ ಇರಲಿಲ್ಲ. ಆದರೆ ಮುಷ್ಟಿಯಲ್ಲಿ ಕಲ್ಲು ಒತ್ತುತ್ತಿತ್ತು, ಮತ್ತು ಅವಳ ಮಾತು ತಲೆಯಲ್ಲಿ ಸುತ್ತುತ್ತಿತ್ತು: ಬೇಕೂಂತ ಬಿಟ್ಟಿದ್ರೆ ಜಗಳ ಆಡಿ ಬರ್ತಿದ್ದೆ. ಹಾಗಾದರೆ ಅವಳು ಬರುವ ದಾರಿ ಒಂದು ಉಳಿದಿದೆ, ಅದು ತನ್ನ ಬಾಯಲ್ಲೇ ಇದೆ. ಅದನ್ನು ಆಡಿದರೆ, 'ಲಾಭ' ಎಂದು ತಲೆ ಮುಟ್ಟಿದ ಆ ಕೈ ಇನ್ನೊಮ್ಮೆ ಮುಟ್ಟುತ್ತದೋ ಇಲ್ಲವೋ. ಅವನಿಗೆ ಭಯವಾಯಿತು, ಚಿಕ್ಕ ಹುಡುಗನಿಗೆ ಆಗುವಂಥ ಭಯ. ಜಟಕಾದವನು ಹಗ್ಗ ಸರಿಮಾಡಿಕೊಳ್ಳುತ್ತಿದ್ದ. ನಂಜುಂಡಯ್ಯ ತಿರುಗಿ ಮೆಟ್ಟಿಲು ಹತ್ತಿದ.

"ಅಕ್ಕ, ಮರೆತದ್ದು ಬುಧವಾರ," ಎಂದ. "ಇವತ್ತು ಮರೀಲಿಲ್ಲ. ಇವತ್ತು ನಾರಾಯಣಪ್ಪನೋರು ಬಾಯ್ಬಿಟ್ಟು ಕೇಳಿದ್ರು, ಮನೇಲಿ ದೊಡ್ಡೋರು ಇಲ್ವಾ ಅಂತ. ಅಕ್ಕ ಇದಾರೆ, ಅವ್ರು ಬರಲ್ಲ, ಅವ್ರಿಗೆ ಆಗ್ಬರಲ್ಲ ಅಂದೆ. ಬೇಕೂಂತಲೇ ಅಂದೆ. ಹಳೇ ತಲೆ, ಆ ಮನೇಲಿ ನನಗೆ ನಾಚ್ಕೆ ಆಗುತ್ತೆ ಅಂತ."

ರುದ್ರಾಣಿಯ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಮಧ್ಯಾಹ್ನದಿಂದ ಅಲ್ಲಿಲ್ಲದ ಬಣ್ಣ ನಿಧಾನವಾಗಿ ಏರಿತು.

"ಏನಂದೆ? ಬರಲ್ಲ ಅಂದ್ಯಾ? ನಾನು ಬರಲ್ಲ ಅಂತ ಹೇಳೋಕೆ ನೀನ್ಯಾವನೋ? ನನಗೆ ಬಾಯಿ ಬಿದ್ದೋಗಿತ್ತಾ?" ದನಿ ಅಕ್ಕಿಪೇಟೆಯ ಅಂಗಡಿಯಿಂದ ಬೀದಿಯಾಚೆಗೆ ಕೇಳುತ್ತಿದ್ದ ಅದೇ ದನಿ. ಎದುರುಮನೆಯ ಕಿಟಕಿ ತೆರೆಯಿತು. "ನಾಚ್ಕೆ ಆಗುತ್ತಾ ನಿನಗೆ? ನಿನ್ನ ಮೂಗು ಒರೆಸ್ದಾಗ ನನಗಾಗ್ಲಿಲ್ವಲ್ಲೋ ನಾಚ್ಕೆ. ಆ ಮನೇಲಿ ನಾನು ಒಂದು ಲೋಟ ನೀರೂ ಮುಟ್ಟಲ್ಲ. ಸಮುದ್ರದಲ್ಲೇ ಮುಖ ತೊಳ್ಕೋತೀನಿ, ಮರಳ ಮೇಲೇ ಕೂತು ಪೂಜೆ ಮಾಡ್ತೀನಿ, ನೀನು ನೋಡ್ತಾ ನಿಂತಿರ್ಬೇಕು. ಶೈಲಜಾ, ಆ ಶಾಲು ತೆಗಿ. ಪಕ್ಕದ ಮನೆಯೋರಿಗೆ ಬೀಗದಕೈ ಕೊಟ್ಟು ಬಾ." ಅವಳು ಅವನ ಮುಷ್ಟಿ ಬಿಡಿಸಿ ಕಲ್ಲನ್ನು ಕಿತ್ತುಕೊಂಡು ಅಂಗಳಕ್ಕೆ ಎಸೆದಳು. ಸೀರೆ ಬದಲಿಸಲು ಒಳಗೆ ಹೋಗುತ್ತಲೂ ಬೈಗುಳ ನಿಲ್ಲಲಿಲ್ಲ, ಕೋಣೆಯಿಂದ ಕೋಣೆಗೆ ದಾಟುತ್ತ ಹೋಯಿತು. ನಂಜುಂಡಯ್ಯ ತಲೆ ತಗ್ಗಿಸಿ ಹೊಸಿಲಲ್ಲೇ ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಂಡ. ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳಲಿಲ್ಲ.

"ಇನ್ನೂ ಅಲ್ಲೇ ನಿಂತಿದೀಯಾ?" ಎಂದು ರುದ್ರಾಣಿ ಒಳಗಿನಿಂದ ಕೂಗಿದಳು. "ಜಟಕಾದೋನಿಗೆ ಹೇಳು, ಎಷ್ಟು ಜನ ಅಂತ."

ಅವನು ಬೀದಿಗೆ ಇಳಿದು, ನಾಲ್ಕು ಜನ ಎಂದ.